ಕುದುರೆ ದಂಡಿಗೆ ಹೋದ ಮುತ್ತಾತ

ನಂಜನಗೂಡು

ಪ್ರೀತಿಯ ಅಕ್ಕ,

ಮುತ್ತಾತ ಈಟಿ ಹಿಡಿದು, ಕುದುರೆ ಏರಿ ಹೈಫಾದಲ್ಲಿ ತುರ್ಕರ ಮೇಲೆ ನುಗ್ಗಿದರು ಅಂತ ಅಪ್ಪ ಹೇಳುತ್ತಿದ್ದರಲ್ಲ, ಅವರ ಪದಕದ ಅಂಚಿನಲ್ಲಿರುವ ಹುದ್ದೆ ಸವಾರನದಲ್ಲ, ಸಯೀಸನದು. ಅವರು ಮೈಸೂರು ಲ್ಯಾನ್ಸರ್ಸ್ ಪಡೆಯ ಕುದುರೆ ಕಾಸ್ತಾರರು. ಪದಕದ ಲೋಹವೂ ಅದಕ್ಕೆ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಕಾದಿದವರಿಗೆ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯಲ್ಲಿ ಬಂತು. ಸೇನೆಯ ಬೆನ್ನಿಗಿದ್ದು ದುಡಿದ ಕೂಲಿಗಳು, ಅನುಚರರಲ್ಲಿ ಬಹಳ ಮಂದಿಗೆ ಕಂಚಿನಲ್ಲಿ. ಒಂದು ಬದಿಗೆ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಬದಿಗೆ ಹದ್ದಿನ ಗುರುತಿನ ಗುರಾಣಿಯನ್ನು ತುಳಿಯುತ್ತಿರುವ ಕುದುರೆ, ಅದರ ಮೇಲೊಬ್ಬ ಬರಿಮೈ ಸವಾರ, ಅಕ್ಕಪಕ್ಕ 1914 ಮತ್ತು 1918. ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ನಂಬರು, ಹುದ್ದೆ, ಹೆಸರು, ಪಡೆ. ನಮ್ಮ ಮನೆಯಲ್ಲಿ ಅವರ ಬಗ್ಗೆ ಉಳಿದಿರುವ ಬರವಣಿಗೆ ಇದಿಷ್ಟೇ.

ಅವರು ಹುಟ್ಟಿದ್ದು ಕಳಲೆಯಲ್ಲಿ. ನಂಜನಗೂಡಿಗೆ ಹತ್ತಿರದ ಈ ಊರು ದಳವಾಯಿಗಳ ತವರು. ಹದಿನೆಂಟನೇ ಶತಮಾನದಲ್ಲಿ ಮೈಸೂರಿನ ಸೇನೆಯನ್ನೂ ಬೊಕ್ಕಸವನ್ನೂ ಕೈಯಲ್ಲಿಟ್ಟುಕೊಂಡಿದ್ದ ದೇವರಾಜಯ್ಯ, ಕರಾಚೂರಿ ನಂಜರಾಜಯ್ಯ ಇಬ್ಬರೂ ಇದೇ ಮನೆತನದವರು. ಕಪಿಲೆಗೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ನಂಜನಗೂಡಿನಲ್ಲಿ ಈಗಲೂ ನಿಂತಿದೆ. ಜನವೂ ಗಾಡಿಯೂ ದಾಟುತ್ತಿದ್ದ ಅದೇ ಸೇತುವೆಯ ಮೇಲೆ ಆಮೇಲೆ ಮೈಸೂರಿನ ರೈಲೂ ಓಡಿತು. ಇಲ್ಲಿಂದ ದಂಡಿಗೆ ಹೋಗುವವರು ಹೊಳೆ ದಾಟಲು ಇದ್ದ ದಾರಿ ಅದು.

ಯುದ್ಧ ಶುರುವಾದ 1914ರಲ್ಲೇ ಲ್ಯಾನ್ಸರ್ಸ್ ಪಡೆ ಈಜಿಪ್ಟಿಗೆ ಹಡಗು ಹತ್ತಿತು. ಮೊದಲು ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಸಿನಾಯ್ ಮರಳುಗಾಡು, ಪ್ಯಾಲೆಸ್ಟೀನ್, ಜೋರ್ಡನ್ ಕಣಿವೆ. 1918ರ ಸೆಪ್ಟೆಂಬರ್ 23ರಂದು ಹೈಫಾ. ಮೈಸೂರಿನವರು ಕಾರ್ಮೆಲ್ ಗುಡ್ಡದ ಕಡೆಯಿಂದ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದರು. ಜೋಧಪುರದವರು ನೇರವಾಗಿ ಊರಿನತ್ತ ಕುದುರೆ ಓಡಿಸಿದರು. ಸಂಜೆಯೊಳಗೆ ಊರು ಕೈಸೇರಿತು. ಸೆರೆ ಸಿಕ್ಕವರು 1,350 ಮಂದಿ.

ಅಕ್ಕ, ಮುತ್ತಾತನ ಪಾಲು ಇಲ್ಲಿಂದಲೇ ಶುರು. ಆ ದಿನ ನಮ್ಮವರಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳೋ, ಸತ್ತದ್ದು 60, ಗಾಯಗೊಂಡದ್ದು 83. ಅಷ್ಟೂ ಮೂಕಪ್ರಾಣಿಗಳಿಗೆ ನೀರು ಕುಡಿಸಿ, ಗಾಯ ತೊಳೆದು, ಮೈ ತಿಕ್ಕಿ, ಹುರುಳಿಯೋ ಬಾರ್ಲಿಯೋ ಸಿಕ್ಕಿದ್ದನ್ನು ತಿನ್ನಿಸಿ ಮತ್ತೆ ನಡೆಯುವ ಹಾಗೆ ಮಾಡುವುದು ಕಾಸ್ತಾರರ ಕೆಲಸ. ಒಂದು ತಿಂಗಳು ಕಳೆದು, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಆಚೆ ಹರಿತಾನ್ ಬಳಿ ಇದೇ ಎರಡು ಪಡೆಗಳು ಮತ್ತೆ ದಾಳಿಗಿಳಿದವು. ಹೈಫಾದಿಂದ ಅಲ್ಲಿಯವರೆಗೆ ಒಂದು ಪಡೆಯನ್ನು ಕುದುರೆಯ ಮೇಲೆ ಉಳಿಸಿದವರಲ್ಲಿ ನಮ್ಮ ಮುತ್ತಾತನೂ ಒಬ್ಬರು. ಮಕ್ಕಳಿಗೆ ಇನ್ನು ಮುಂದೆ ಈ ಕಥೆಯನ್ನೇ ಹೇಳೋಣ.

ಹೈಫಾ ಅಂದರೆ ಮೈಸೂರು ಲ್ಯಾನ್ಸರ್ಸ್ ಪಡೆಯ ಕರ್ನಲ್ ಬಿ. ಚಾಮರಾಜ ಅರಸರ ಹೆಸರು ನೆನಪಿಗೆ ಬರುತ್ತದೆ, ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೈಸೂರು, ಹೈದರಾಬಾದ್, ಜೋಧಪುರಗಳ ಹೆಸರಿನ ಮೂರು ಪ್ರತಿಮೆ ನಿಂತಿವೆ, 2018ರಿಂದ ಅದು ತೀನ್ ಮೂರ್ತಿ ಹೈಫಾ ಚೌಕ. ಆದರೆ ಕಾಸ್ತಾರನ ಜಾಡು ಹಿಡಿಯುವುದು ಕಷ್ಟ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ ಅನುಚರರ ಹೆಸರುಗಳೂ ಇವೆ, ಆದರೆ ಅದು ಮಡಿದವರ ಪಟ್ಟಿ. ಮುತ್ತಾತ ಬದುಕಿ ಊರಿಗೆ ಬಂದವರು. ಅಮೆರಿಕದಲ್ಲಿ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಸೈನಿಕರಿಗೂ ಒಬ್ಬೊಬ್ಬರಿಗೆ ಒಂದೊಂದು ಸೇವಾ ಕಡತ ಮಾಡಿ ವಾಷಿಂಗ್ಟನ್ನಿನಲ್ಲಿ ಇಟ್ಟಿದ್ದಾರೆ. ಮೊಮ್ಮಕ್ಕಳು ಹೆಸರು ಕೊಟ್ಟರೆ ಸಾಕು. ನಾವು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತಗಳನ್ನು ಒಂದೊಂದಾಗಿ ಮಗುಚಬೇಕು.

ವಂಶದ ಕಡೆ ಮಾತ್ರ ನಮ್ಮವರು ಬಡವರಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು ತಲೆಮಾರುಗಳ ಹೆಸರನ್ನು ಓದಿ ಹೇಳುವ ಹೆಳವರು ಇದ್ದಾರಲ್ಲ. ಅವರ ಪುಸ್ತಕದಲ್ಲಿ ಯಾರ ಮಗ ಯಾರು, ಯಾವ ಊರಿಂದ ಯಾವ ಊರಿಗೆ ಬಂದರು, ಎಲ್ಲಾ ಬರೆದಿರುತ್ತದೆ. ಮನೆಯವರು ದವಸ ಕೊಟ್ಟು, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸುತ್ತಾರೆ. ನಮ್ಮ ಹೆಳವರು ಯಾವ ಊರಿನವರು ಅಂತ ಕಳಲೆಯ ಹಿರಿಯರನ್ನು ಕೇಳಿದ್ದಾಗಿದೆ; ಈ ಸಲ ಸುಗ್ಗಿಗೆ ಬಂದಾಗ ಹೇಳಿ ಕಳಿಸುತ್ತಾರೆ.

ಮುಂದಿನ ಊರು ಮೂಗೂರು, ಮುತ್ತಜ್ಜಿಯ ತವರು. ಟಿ. ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ದರ್ಶನ ಮಾಡಿ, ಕಪಿಲೆ ಕಾವೇರಿಯನ್ನು ಸೇರುವ ಕಡೆ ಕಾಲು ತೊಳೆದು, ಅಲ್ಲಿಂದ ಬಸ್ಸು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಜಮೀನಿನ ಖಾತೆ ಸಿಕ್ಕರೆ ಮುತ್ತಾತ ಯಾವ ವರ್ಷ ಊರಲ್ಲಿದ್ದರು ಅನ್ನುವುದು ತಿಳಿಯುತ್ತದೆ.

ನಿನ್ನಿಂದ ಎರಡು ಕೆಲಸ ಆಗಬೇಕು. ಪದಕವನ್ನು ಕಿಟಕಿಯ ಬೆಳಕಿನಲ್ಲಿ ತಿರುಗಿಸುತ್ತಾ ಅಂಚಿನ ಅಷ್ಟೂ ಅಕ್ಷರ ಕಾಣುವಂತೆ ಫೋಟೊ ತೆಗೆದು ಕಳಿಸು. ನಂಬರಿನ ಒಂದು ಅಂಕೆಯೂ ಬಿಟ್ಟುಹೋಗಬಾರದು. ಹುಣಸೆಹಣ್ಣು ಹಾಕಿ ಉಜ್ಜಬೇಡ, ಅಕ್ಷರ ಸವೆದುಹೋಗುತ್ತವೆ. ಆಮೇಲೆ ಸೋದರತ್ತೆಯ ಹತ್ತಿರ ಕೂತು, ಮುತ್ತಾತ ಊರಿಗೆ ಬಂದ ಮೇಲೆ ಕುದುರೆ ಸಾಕಿದ್ದರಾ, ಅವರ ಜೊತೆ ದಂಡಿಗೆ ಹೋದವರು ಯಾರ್ಯಾರು ಅಂತ ಕೇಳಿ ಬರೆದಿಡು. ಆ ಹೆಸರುಗಳನ್ನೂ ಹುಡುಕಬೇಕು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇತಿ,
ನಿನ್ನ ತಮ್ಮ