ಸೋರಬೇಕಾದ ಪಂಪು, ಸೋರಬಾರದ ಪಂಪು

ನಮ್ಮೂರ ಕಡೆ ಸ್ಪೋರ್ಟ್ಸ್ ಕಾರ್ ಅಂದರೆ ನೆಲಕ್ಕೆ ಅಂಟಿಕೊಂಡು ಓಡುವ ಕೆಂಪು ಬಣ್ಣದ ಇಟಲಿ ಕಾರಲ್ಲ. ಅಂಥದ್ದು ತಪ್ಪಿ ಬಂದರೂ ತೋಟದ ರಸ್ತೆಯ ಮೊದಲನೇ ಮೋರಿ ದಾಟುವಷ್ಟರಲ್ಲಿ ಹೊಟ್ಟೆ ಉಜ್ಜಿಕೊಂಡು ಕೂತುಬಿಡುತ್ತೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಹುಡುಗರಿಗೆ ಸ್ಪೋರ್ಟ್ಸ್ ಕಾರ್ ಅಂದರೆ ರ‍್ಯಾಲಿ ಕಾರು. ಕಾಫಿ ತೋಟಗಳ ಒಳಗಿನ ಮಣ್ಣು ರಸ್ತೆಯನ್ನೇ ಟ್ರ್ಯಾಕ್ ಮಾಡಿ ಇಲ್ಲಿ ರ‍್ಯಾಲಿ ನಡೆಸ್ತಾರೆ. 2016ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಒಂದು ಸುತ್ತು ಚಿಕ್ಕಮಗಳೂರಲ್ಲೇ ನಡೆದು ಗೌರವ್ ಗಿಲ್ ಸ್ಕೋಡಾ ಫ್ಯಾಬಿಯಾದಲ್ಲಿ ಗೆದ್ದಾಗ ನಾನಿನ್ನೂ ಪ್ರೈಮರಿ ಸ್ಕೂಲು. ಅದಕ್ಕೂ ಹಿಂದಿನ ಕಾಲದಲ್ಲಿ, ಅಂದರೆ ನಮ್ಮ ಚಿಕ್ಕಪ್ಪಂದಿರ ಕಾಲದಲ್ಲಿ, ಧೂಳೆಬ್ಬಿಸುತ್ತಿದ್ದದ್ದು ಜಿಪ್ಸಿ ಮತ್ತು ಎಸ್ಟೀಮ್.

ನಮ್ಮನೇಲಿರೋದು 2001ರ ಮಾರುತಿ ಎಸ್ಟೀಮ್. 1298 ಸಿಸಿ, 16 ವಾಲ್ವ್, 85 ಹಾರ್ಸ್ ಪವರ್. ತೂಕ 900 ಕೆಜಿಗಿಂತ ಕಡಿಮೆ. ಈ ಲೆಕ್ಕವನ್ನು ಹಾಸ್ಟೆಲ್ಲಿನಲ್ಲಿ ಯಾರಿಗೆ ಹೇಳಿದರೂ ಮೊದಲು ನಗ್ತಾರೆ, ಆಮೇಲೆ ಮನಸ್ಸಲ್ಲೇ ಭಾಗಾಕಾರ ಮಾಡಿ ಸುಮ್ಮನಾಗ್ತಾರೆ. ಚಿಕ್ಕಪ್ಪ ಸೆಕೆಂಡ್ ಹ್ಯಾಂಡಲ್ಲಿ ತಂದು, ಎರಡು ಆಟೋಕ್ರಾಸಲ್ಲಿ ಓಡಿಸಿ, ಕಪ್ ಒಂದೂ ಗೆಲ್ಲದೆ, ಕೆಲಸ ಸಿಕ್ಕಿ ಊರು ಬಿಟ್ಟರು. ಕಾರು ಅಪ್ಪನ ಪಾಲಿಗೆ ಬಂತು. ಗೊಬ್ಬರದ ಚೀಲ, ಬಾಳೆಗೊನೆ, ಅಜ್ಜಿ, ಎಲ್ಲರೂ ಅದರಲ್ಲೇ.

ಈ ವರ್ಷ ಅದರ ಆರ್‌ಸಿ ಅವಧಿ ಮುಗಿಯುತ್ತೆ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಿಂದ 10,000 ರೂಪಾಯಿ ಶುಲ್ಕ. ಅದರ ಮೇಲೆ ಫಿಟ್‌ನೆಸ್ ತಪಾಸಣೆ ಬೇರೆ. ಇದೇ ಹೊತ್ತಿಗೆ ಕಾರು ಚಾರ್ಮಾಡಿ ಘಾಟಿ ಹತ್ತುವಾಗ ಎರಡು ಸಲ ಕುದಿಯಿತು. ಎರಡೂ ಸಲ ಅಜ್ಜಿ ಒಳಗಿದ್ದರು. ಅಜ್ಜಿಗೆ ಎರಡು ತಿಂಗಳಿಗೊಮ್ಮೆ ಮಂಗಳೂರಿನಲ್ಲಿ ಹೃದಯದ ಚೆಕಪ್. ಬಸ್ಸಿನಲ್ಲಿ ಘಾಟಿ ಇಳಿದರೆ ಉಜಿರೆ ಮುಟ್ಟುವಷ್ಟರಲ್ಲಿ ವಾಂತಿ ಮಾಡಿ ಸುಸ್ತಾಗಿ ಹೋಗ್ತಾರೆ. ಪ್ರತಿಸಲ ಬಾಡಿಗೆ ಕಾರು ಮಾಡೋದು ನಮಗೆ ಸಲೀಸಲ್ಲ. ಫೆಬ್ರವರಿಯಲ್ಲಿ ಸೆಮಿಸ್ಟರ್ ರಜೆಗೆ ಮನೆಗೆ ಹೋದಾಗ ಅಪ್ಪ ಹೇಳಿದ್ದು ಇಷ್ಟೇ: "ಇನ್ನೊಂದ್ ಸಲ ಕುದೀತು ಅಂದ್ರೆ ಗುಜರಿಯವನಿಗೆ ಫೋನ್ ಮಾಡೋದೇ ಮಾರಾಯ. ಹತ್ತು ಸಾವಿರ ಕಟ್ಟಿ ಇದನ್ನ ಇಟ್ಕೊಳೋ ಅಷ್ಟು ಪ್ರೀತಿ ನಂಗಿಲ್ಲ." ಅಜ್ಜಿಯ ಮುಂದಿನ ಚೆಕಪ್ಪಿಗೆ ಒಂಬತ್ತು ದಿನ ಇತ್ತು.

ಮಾರನೇ ದಿನ ಬೆಳಿಗ್ಗೆ ಕಾರಿನ ಕೆಳಗೆ ಹಳೇ ರಟ್ಟೊಂದನ್ನು ಇಟ್ಟು ನೋಡಿದೆ. ಫ್ಯಾನ್ ಬೆಲ್ಟಿರುವ ಕಡೆ ಕೆಳಗೆ ರಟ್ಟಿನ ಮೇಲೆ ಹಸಿರು ಕಲೆ ಬಿದ್ದಿತ್ತು. ಟಾರ್ಚ್ ಬಿಟ್ಟು ಒಳಗೆ ಇಣುಕಿದರೆ ವಾಟರ್ ಪಂಪಿನ ಮೈಮೇಲೆ ಬಿಳಿ ಉಪ್ಪು ಕಟ್ಟಿದ ಹಾಗೆ ಒಂದು ಗೆರೆ. ಆ ಗೆರೆ ಶುರುವಾಗುತ್ತಿದ್ದದ್ದು ಬೆರಳಿನ ಉಗುರಿಗಿಂತ ಸಣ್ಣದೊಂದು ತೂತಿನಿಂದ.

ಅಪ್ಪನಿಗೆ ತೋರಿಸಿದೆ. "ಪಂಪು ಅಂದ್ಮೇಲೆ ಸೋರೋದೇ ಅಲ್ವನಾ? ನಮ್ ಹಳ್ಳದ ಪಂಪು ಇಪ್ಪತ್ತು ವರ್ಷದಿಂದ ಸೋರ್ತಿದೆ. ನಿಂತಿದ್ಯಾ?" ಅಂದರು.

ಇದು ಸುಮ್ಮನೆ ವಾದಕ್ಕೆ ಹೇಳಿದ ಮಾತಲ್ಲ. ಕಾಫಿ ಬೆಳೆಯುವವರಷ್ಟು ಪಂಪಿನ ಸಹವಾಸ ಮಾಡಿದವರು ಕಡಿಮೆ. ರೋಬಸ್ಟ ಕೊಯ್ಲು ಮುಗಿದ ಮೇಲೆ ಹೂಮಳೆ ಸಮಯಕ್ಕೆ ಬಾರದೆ ಹೋದರೆ ಸ್ಪ್ರಿಂಕ್ಲರ್ ಹಾಕಿ ನಾವೇ ಮಳೆ ಮಾಡಬೇಕು. ಆಗ ಸುಮಾರು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತೆ. ಆ ವಾರ ಪಂಪು ಕೈಕೊಟ್ಟರೆ ಮುಂದಿನ ವರ್ಷದ ಫಸಲಿಗೇ ಏಟು. ಹಾಗಾಗಿ ಅಪ್ಪ ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿಲ್ಲ ನಿಜ, ಆದರೆ ಶಬ್ದ ಕೇಳಿಯೇ ಪಂಪು ಗಾಳಿ ಎಳೀತಿದೆಯೋ ನೀರು ಎಳೀತಿದೆಯೋ ಹೇಳಬಲ್ಲರು.

ಅವರ ಮಾತೂ ಸರಿಯೇ. ಹಳ್ಳದ ಪಂಪಿನಲ್ಲಿ ಶಾಫ್ಟ್ ಹೊರಬರುವ ಕಡೆ ಗ್ಲ್ಯಾಂಡ್ ರೋಪ್ ಸುತ್ತಿರುತ್ತಾರೆ. ಗ್ರಾಫೈಟ್ ಹಾಕಿದ ಹುರಿ ಅದು. ತಿರುಗುವ ಶಾಫ್ಟಿಗೆ ಹುರಿ ಉಜ್ಜುತ್ತಲೇ ಇರುತ್ತೆ, ಹಾಗಾಗಿ ಬಿಸಿಯಾಗುತ್ತೆ. ಆ ಬಿಸಿಯನ್ನು ತೆಗೆಯೋದು ಹೊರಗೆ ತೊಟ್ಟಿಕ್ಕುವ ನೀರೇ. ಒಂದೂ ಹನಿ ಬೀಳಬಾರದು ಅಂತ ಗ್ಲ್ಯಾಂಡ್ ನಟ್ ಬಿಗಿ ಮಾಡಿದರೆ ಹುರಿ ಸುಟ್ಟು ಶಾಫ್ಟ್ ಸವೆಯುತ್ತೆ. ಅಂದರೆ ಆ ಪಂಪಿಗೆ ಸೋರಿಕೆಯೇ ಆರೋಗ್ಯ.

ಕಾರಿನ ಪಂಪು ಕೂಡ ಅದೇ ಸೆಂಟ್ರಿಫ್ಯೂಗಲ್ ಜಾತಿ. ಇಂಪೆಲ್ಲರ್ ಇದೆ, ಶಾಫ್ಟ್ ಇದೆ. ಆದರೆ ಗ್ಲ್ಯಾಂಡ್ ರೋಪ್ ಬದಲು ಮೆಕ್ಯಾನಿಕಲ್ ಸೀಲ್: ಒಂದು ಕಾರ್ಬನ್ ಉಂಗುರ, ಅದರ ಎದುರಿಗೆ ಸೆರಾಮಿಕ್ ಉಂಗುರ, ಎರಡನ್ನೂ ಒತ್ತಿ ಹಿಡಿದ ಸ್ಪ್ರಿಂಗ್. ಸೀಲಿನ ಆಚೆ ಬದಿಯಲ್ಲಿ ಗ್ರೀಸ್ ತುಂಬಿದ ಬೇರಿಂಗ್. ಸೀಲ್ ಸವೆದು ಕೂಲಂಟ್ ಬೇರಿಂಗಿಗೆ ನುಗ್ಗಿದರೆ ಗ್ರೀಸ್ ತೊಳೆದುಹೋಗಿ ಬೇರಿಂಗ್ ಸಾಯುತ್ತೆ, ಪುಲ್ಲಿ ಓಲಾಡುತ್ತೆ, ಬೆಲ್ಟ್ ಕಿತ್ತು ಹೋಗುತ್ತೆ. ಅದಕ್ಕೇ ಸೀಲಿಗೂ ಬೇರಿಂಗಿಗೂ ನಡುವೆ ಬೇಕಂತಲೇ ಒಂದು ತೂತು ಕೊರೆದಿರುತ್ತಾರೆ. ವೀಪ್ ಹೋಲ್ ಅಂತ ಅದರ ಹೆಸರು, ಅಳುವ ತೂತು. ದಾರಿ ತಪ್ಪಿದ ಕೂಲಂಟ್ ಬೇರಿಂಗ್ ಸೇರುವ ಮೊದಲೇ ಹೊರಬೀಳಲಿ, ಯಾರಾದರೂ ಬಗ್ಗಿ ನೋಡಲಿ ಅಂತ.

ಇದನ್ನು ಕಣದ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಪ್ಪನಿಗೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಹಂಗಾದ್ರೆ ನಮ್ದು ಸೋರಿದ್ರೆ ಚೆನ್ನಾಗಿದೀನಿ ಅಂತ, ಇದು ಸೋರಿದ್ರೆ ಹೋಗ್ತಿದೀನಿ ಅಂತ" ಅಂದರು. ಪುಸ್ತಕದಲ್ಲಿ ಎರಡು ಪುಟ ಇರೋದು ಒಂದೇ ಸಾಲಿಗೆ ಬಂತು.

ಇನ್ನೊಂದು ಪ್ರಶ್ನೆಯೂ ಅವರದೇ: "ಇಷ್ಟು ಸಣ್ಣ ಸೋರಿಕೆಗೆ ಘಾಟೀಲಿ ಕುದಿಯೋದ್ಯಾಕೆ?" ಮೂಡಿಗೆರೆ ಹೆಚ್ಚೂಕಮ್ಮಿ ಸಾವಿರ ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾತಾವರಣದ ಒತ್ತಡ ಸುಮಾರು 0.9 ಬಾರ್, ನೀರು 97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಮುಚ್ಚಳ ಇನ್ನೊಂದು 0.9 ಬಾರ್ ಹಿಡಿದಿಟ್ಟರೆ ಕುದಿಯುವ ಬಿಂದು 117ರ ಹತ್ತಿರ ಹೋಗುತ್ತೆ. ಆ ಇಪ್ಪತ್ತು ಡಿಗ್ರಿಯೇ ಘಾಟಿಯಲ್ಲಿ ನಮ್ಮ ಬಂಡವಾಳ. ಸೀಲ್ ಸೋರಿದರೆ ಕೂಲಂಟಿನ ಜೊತೆಗೆ ಆ ಒತ್ತಡವೂ ಹೋಗುತ್ತೆ.

ಜೊತೆಗೆ ಇನ್ನೊಂದು ವಿಷಯ. ಪಂಪಿನ ಹರಿವು ಅದರ ವೇಗಕ್ಕೆ ನೇರ ಅನುಪಾತ, ಹೆಡ್ಡು ವೇಗದ ವರ್ಗಕ್ಕೆ. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆಯುವ ಸೂತ್ರ ಇದು. ಪಂಪು ತಿರುಗೋದು ಇಂಜಿನ್ನಿನ ಬೆಲ್ಟಿನಿಂದ, ಆದರೆ ಬಿಸಿ ಹುಟ್ಟೋದು ಇಂಜಿನ್ನಿನ ಮೇಲಿನ ಭಾರದಿಂದ. ತಿರುವಿನಲ್ಲಿ ಮೇಲಿನ ಗೇರಲ್ಲಿ ಮುಕ್ಕರಿಸುತ್ತಾ ಹತ್ತಿದರೆ ಭಾರ ಜಾಸ್ತಿ, ಆರ್‌ಪಿಎಂ ಕಡಿಮೆ, ನೀರಿನ ಓಟವೂ ಕಡಿಮೆ. ಹಳೇ ಲಾರಿ ಡ್ರೈವರುಗಳು "ಗೇರ್ ಇಳಿಸಿ ಹತ್ತು, ಬಿಸಿಯಾಗಲ್ಲ" ಅನ್ನೋದರಲ್ಲಿ ಈ ಸೂತ್ರವೂ ಸೇರಿಕೊಂಡಿದೆ.

ಪಂಪು ಬದಲಾಯಿಸೋಣ ಅಂತ ಆಯ್ತು. ಗ್ಯಾರೇಜಿನವರು ಒಂದು ವಾರ ಬಿಟ್ಟು ತನ್ನಿ ಅಂದರು, ನಮಗೆ ಆ ವಾರ ಇರಲಿಲ್ಲ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಎರಡು ಪಂಪು ತೋರಿಸಿದರು. ಒಂದರಲ್ಲಿ ತಗಡು ಒತ್ತಿ ಮಾಡಿದ ಇಂಪೆಲ್ಲರ್, ಇನ್ನೊಂದರಲ್ಲಿ ಎರಕದ್ದು. ಹಳೆಯದಕ್ಕೆ ಹೊಂದುವ ಎರಕದ್ದನ್ನೇ ತಂದೆವು. ಜೊತೆಗೆ ಟೈಮಿಂಗ್ ಬೆಲ್ಟ್, ಟೆನ್ಷನರ್ ಕೂಡ. ಯಾಕಂದರೆ ಈ ಇಂಜಿನ್ನಿನಲ್ಲಿ ಪಂಪು ತಿರುಗೋದು ಹೊರಗಿನ ವಿ-ಬೆಲ್ಟಿನಿಂದಾದರೂ, ಅದನ್ನು ಬಿಚ್ಚಬೇಕಾದರೆ ಟೈಮಿಂಗ್ ಬೆಲ್ಟ್ ತೆಗೆಯಲೇಬೇಕು. ತೆಗೆದ ಮೇಲೆ ಹಳೇದನ್ನೇ ವಾಪಸ್ ಹಾಕೋದು ಲೋಭ ಅಷ್ಟೇ.

ಕಣದ ಒಂದು ಮೂಲೆಯಲ್ಲಿ ಕೊನೇ ರೋಬಸ್ಟ ಒಣಗುತ್ತಿತ್ತು. "ಕಾಫಿ ಮೇಲೆ ಒಂದ್ ಹನಿ ಬಿದ್ರೂ ಇಬ್ರಿಗೂ ಊಟ ಇಲ್ಲ" ಅಂತ ಅಮ್ಮ ಎಚ್ಚರಿಕೆ ಕೊಟ್ಟಾಗಿತ್ತು. ಟಾರ್ಪಾಲ್ ಹಾಸಿ, ನಾಯಿಯನ್ನು ದೂರ ಕಟ್ಟಿ, ಕೂಲಂಟನ್ನು ಬಕೆಟ್ಟಿಗೆ ಇಳಿಸಿದೆವು. ನಾಯಿ ಕಟ್ಟೋದು ತಮಾಷೆಯಲ್ಲ. ಕೂಲಂಟಿನ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತೆ, ಪ್ರಾಣಿಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಕಿಡ್ನಿ ಹೋಗೋದಕ್ಕೆ. ಹಳ್ಳಕ್ಕಂತೂ ಚೆಲ್ಲಲೇಬಾರದು.

ಮುಂದಿನ ಒಂದು ಚಕ್ರ ತೆಗೆದು, ಫ್ಯಾನ್ ಬೆಲ್ಟ್, ಪಂಪಿನ ಪುಲ್ಲಿ, ಕ್ರ್ಯಾಂಕ್ ಪುಲ್ಲಿ ಬಿಚ್ಚಿದೆವು. ಕ್ರ್ಯಾಂಕ್ ಪುಲ್ಲಿಯ ನಡುವಿನ ದೊಡ್ಡ ಬೋಲ್ಟ್ ಮುಟ್ಟಬೇಕಾಗಿಲ್ಲ, ಸುತ್ತಲಿನ ಸಣ್ಣ ಬೋಲ್ಟುಗಳು ಬಂದರೆ ಪುಲ್ಲಿ ಬರುತ್ತೆ. ಕವರ್ ತೆಗೆದು, ಕ್ಯಾಮ್ ಪುಲ್ಲಿಯ ಗುರುತು ಮತ್ತು ಕ್ರ್ಯಾಂಕಿನ ಗುರುತು ಎರಡೂ ತಮ್ಮ ತಮ್ಮ ಜಾಗಕ್ಕೆ ಬರುವ ಹಾಗೆ ತಿರುಗಿಸಿ, ಫೋಟೋ ತೆಗೆದುಕೊಂಡು, ಬೆಲ್ಟ್ ಬಿಚ್ಚಿದೆವು.

ಪಂಪಿನ ಬೋಲ್ಟುಗಳಲ್ಲಿ ಒಂದು ಕದಲಲಿಲ್ಲ. ಆರು ಮಿಲಿಮೀಟರಿನ ಬೋಲ್ಟ್, ಅಲ್ಯೂಮಿನಿಯಂ ಬ್ಲಾಕು, ಇಪ್ಪತ್ತೈದು ವರ್ಷದ ತುಕ್ಕು. ತಲೆ ಮುರಿದರೆ ಮನೆಯಲ್ಲಿ ಏನೂ ಮಾಡೋಕಾಗಲ್ಲ, ಅಜ್ಜಿಗೆ ಬಸ್ಸೇ ಗತಿ. ನನ್ನ ಕೈಯಲ್ಲಿದ್ದ ಪಾನಾವನ್ನು ಅಪ್ಪ ತೆಗೆದಿಟ್ಟರು. "ಅವಸರ ಬ್ಯಾಡ. ಡೀಸೆಲ್ ಬಿಟ್ಟು ಮಲಗು." ಬೋಲ್ಟಿನ ಸುತ್ತ ನಾಲ್ಕು ಹನಿ ಡೀಸೆಲ್ ಬಿಟ್ಟು, ಸುತ್ತಿಗೆಯಿಂದ ತಲೆಗೆ ಮೆಲ್ಲಗೆ ತಟ್ಟಿ, ಊಟ ಮಾಡಿ ಮಲಗಿದೆವು. ಆ ರಾತ್ರಿ ನನಗೆ ನಿದ್ದೆ ಸರಿ ಬರಲಿಲ್ಲ. ದೂರದಲ್ಲಿ ಹಳ್ಳದ ಪಂಪು ರಾತ್ರಿಯಿಡೀ ಓಡುತ್ತಿತ್ತು. ಬೆಳಿಗ್ಗೆ ಅಪ್ಪ ಪಾನಾ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದರು, ಆಮೇಲೆ ಸಡಿಲಿಸಿದರು. ಕೀರ್ ಅಂತ ಶಬ್ದ ಮಾಡಿ ಬಂತು.

ಹೊರಬಂದ ಪಂಪನ್ನು ನೋಡಿ ಇಬ್ಬರೂ ಸುಮ್ಮನಾದೆವು. ಇಂಪೆಲ್ಲರಿನ ಅಂಚು ತುಕ್ಕು ತಿಂದು ಮೊಂಡಾಗಿತ್ತು. ವರ್ಷಗಟ್ಟಲೆ ಘಾಟಿಯ ಝರಿಯ ನೀರನ್ನೇ ಬಾಟಲಿಯಲ್ಲಿ ಹಿಡಿದು ಸುರಿದ ಕಾರಿದು. ಕೂಲಂಟ್ ಅನ್ನೋದು ಬರೀ ಬಣ್ಣದ ನೀರಲ್ಲ, ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಲ್ಯಾಬ್ ಸ್ಯಾಂಪಲ್ ಬೇಕಿಲ್ಲ. ಆದರೆ ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಗಟ್ಟಿಯಾಗಿತ್ತು. ಆ ತೂತು ತನ್ನ ಕೆಲಸ ಮಾಡಿತ್ತು.

ಹೊಸ ಪಂಪು ಕೂರಿಸಿ, ನಮ್ಮ ಬಾಹಾ ಟೀಮಿನ ಕ್ಯಾಪ್ಟನ್ನಿಂದ ಕೇಳಿ ತಂದಿದ್ದ ಟಾರ್ಕ್ ರೆಂಚಿನಲ್ಲಿ ಸುಮಾರು 11 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆವು. "ಇಷ್ಟೇನಾ?" ಅಂದರು ಅಪ್ಪ. ಇಷ್ಟೇ. ಪಂಪಿಗೂ ಆಯಿಲ್ ಪಂಪಿಗೂ ನಡುವೆ ಒಂದು, ಪಂಪಿಗೂ ಸಿಲಿಂಡರ್ ಹೆಡ್ಡಿಗೂ ನಡುವೆ ಇನ್ನೊಂದು ರಬ್ಬರ್ ಸೀಲ್ ಬರುತ್ತೆ, ಅದನ್ನೂ ಸೇರಿಸಿದೆವು. ಹೊಸ ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಎರಡೂ ಗುರುತು ಮತ್ತೆ ಅಲ್ಲಿಗೇ ಬಂದವು ಅಂತ ಖಚಿತ ಮಾಡಿಕೊಂಡ ಮೇಲೇ ಟೆನ್ಷನರ್ ಬಿಗಿ. ಕೂಲಂಟ್ ತುಂಬುವಾಗ ಕಾರಿನ ಮೂತಿ ಮೇಲೆ ಬರುವ ಹಾಗೆ ತೋಟದ ಏರಿನಲ್ಲಿ ನಿಲ್ಲಿಸಿ, ಹೀಟರ್ ಆನ್ ಮಾಡಿ, ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಗಾಳಿ ಗುಳ್ಳೆ ಹೊರಬಿಟ್ಟೆವು. ಮಲೆನಾಡಿನಲ್ಲಿ ಇಳಿಜಾರಿಗೆ ಬರವಿಲ್ಲ.

ಚೆಕಪ್ ದಿನ ಅಪ್ಪನೇ ಓಡಿಸಿದರು, ನಾನು ಪಕ್ಕದಲ್ಲಿ, ಅಜ್ಜಿ ಹಿಂದೆ. ವಾಪಸ್ ಬರುವಾಗ ಮಧ್ಯಾಹ್ನದ ಬಿಸಿಲಿಗೆ ಚಾರ್ಮಾಡಿ ಹತ್ತಿದೆವು. ಒಂದೊಂದು ತಿರುವಿಗೂ ಅಪ್ಪ ಕೇಳದೆಯೇ ಗೇರ್ ಇಳಿಸುತ್ತಿದ್ದರು. ಟೆಂಪರೇಚರ್ ಮುಳ್ಳು ಅರ್ಧದ ಹತ್ತಿರ ಹೋಗಿ ಅಲ್ಲೇ ಕೂತಿತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರ್ ದೋಸೆ ತಿಂದೆವು. ಅಜ್ಜಿಗೆ ಡಾಕ್ಟರು ಮಾತ್ರೆ ಕಮ್ಮಿ ಮಾಡಿದ್ದರಿಂದ ಅವರೂ ಖುಷಿಯಲ್ಲಿದ್ದರು. ಗುಜರಿಯವನ ಮಾತು ಯಾರೂ ಎತ್ತಲಿಲ್ಲ. ಮುಂದಿನ ವಾರ ನಾನು ಹಾಸ್ಟೆಲ್ಲಿಗೆ ಬಂದ ಮೇಲೆ ಅಪ್ಪ ಫೋನ್ ಮಾಡಿ, ಆರ್‌ಸಿಗೆ ಆನ್‌ಲೈನಲ್ಲಿ ದುಡ್ಡು ಕಟ್ಟೋದು ಹೇಗೆ ಅಂತ ಮಾತ್ರ ಕೇಳಿದರು.

ಮನೆಯಲ್ಲಿ ಹಳೇ ಗಾಡಿ ಇರೋರು ರಜೆಗೆ ಹೋದಾಗ ಒಂದು ರಾತ್ರಿ ಅದರ ಕೆಳಗೆ ರಟ್ಟು ಹಾಸಿ ನೋಡಿ. ಕಲೆ ಬಿದ್ದಿದ್ದರೆ ಬಣ್ಣ ನೋಡಿ, ಎಲ್ಲಿಂದ ಬಿತ್ತು ನೋಡಿ, ಅಲ್ಲಿ ಸೋರಬೇಕೋ ಸೋರಬಾರದೋ ಯೋಚನೆ ಮಾಡಿ. ನಮ್ಮ ಹಳೇ ಪಂಪು ಈಗ ನನ್ನ ಹಾಸ್ಟೆಲ್ ಮೇಜಿನ ಮೇಲಿದೆ. ಆ ತೂತು ನೋಡಬೇಕು ಅನ್ನೋ ಮೂರನೇ ಸೆಮಿಸ್ಟರಿನವರು ಬನ್ನಿ, ಟೀ ನಿಮ್ಮದು.