ನಿಂತ ಯಂತ್ರ, ನಿಲ್ಲದ ಬಿಡಿಭಾಗ

ಕಾಯಕದ ಮಾತು ಬಂದಾಗ ಕಾಯಕಜೀವಿಯ ನಿಷ್ಠೆಯನ್ನು ಕೊಂಡಾಡುವುದು ವಾಡಿಕೆ. ಆತನ ಕೈಯಲ್ಲಿರುವ ಉಪಕರಣದತ್ತ ಗಮನ ಹರಿಯುವುದು ಅಪರೂಪ. ಆದರೆ ಉಪಕರಣ ಕೆಟ್ಟ ದಿನ ನಿಷ್ಠೆಯೊಂದರಿಂದಲೇ ಕೆಲಸ ಸಾಗದೆಂಬುದನ್ನು ಓದುಗರು ಬಲ್ಲರು.

ಧಾರವಾಡ ಸೀಮೆಯ ಹಿರಿಯ ಬಡಗಿಯೊಬ್ಬರ ವಿದ್ಯುತ್ ತೋಪಡ ಹೀಗೆಯೇ ನಿಂತುಹೋಯಿತು. ಅದು ತಂದೆಯವರು ಕೊಂಡ ಯಂತ್ರ. ಮನೆಯೊಂದರ ಬಾಗಿಲು, ಚೌಕಟ್ಟುಗಳ ಕೆಲಸ ಅರ್ಧಕ್ಕೆ ಬಂದಿತ್ತು. ಪಡೆದ ಮುಂಗಡ ಖರ್ಚಾಗಿತ್ತು. ಹುಬ್ಬಳ್ಳಿಯ ಅಂಗಡಿಯವರು ಯಂತ್ರವನ್ನು ಬಿಚ್ಚದೆಯೇ, "ಯಜಮಾನ್ರ, ಈ ಮಾಡೆಲ್ ಬಂದಾಗಿ ಭಾಳ ವರ್ಷಾತು, ಹೊಸಾದು ತಗೊಂಬಿಡ್ರಿ" ಎಂದರು. "ಮೊದಲ ಬಿಚ್ಚಿ ನೋಡ್ರಿ ಸಾವ್ಕಾರ್ರ, ಆಮ್ಯಾಲೆ ಹೇಳ್ರಿ" ಎಂಬುದು ಬಡಗಿಯ ಉತ್ತರ.

ಅಂಗಡಿಯವರ ಮಾತು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಮಾದರಿ ನಿಂತುಹೋದರೂ ಅದರೊಳಗಿನ ಎಲ್ಲ ಭಾಗಗಳೂ ನಿಂತುಹೋಗಿರುವುದಿಲ್ಲ. ಬೇರಿಂಗನ್ನೇ ನೋಡಬಹುದು. ಅದರ ಅಂಚಿನಲ್ಲಿ 608 ಎಂದು ಕೊರೆದಿದ್ದರೆ ಒಳರಂಧ್ರ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ.; ಯಾವ ಕಂಪನಿ ತಯಾರಿಸಿದರೂ ಈ ಅಳತೆ ಬದಲಾಗದು. ಸಂಖ್ಯೆಯ ಜೊತೆಗೆ ಝಡ್‌ಝಡ್ ಎಂದಿದ್ದರೆ ಎರಡೂ ಬದಿಗೆ ಲೋಹದ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನ ಮುಚ್ಚಳ. ಮರದ ಹೊಟ್ಟು ಹಾರುವಲ್ಲಿ ರಬ್ಬರಿನದೇ ಲೇಸು.

ಕಾರ್ಬನ್ ಬ್ರಷ್ಷಿನ ಕಥೆ ತುಸು ಸೂಕ್ಷ್ಮ. ತಿರುಗುವ ತಾಮ್ರದ ಪಟ್ಟಿಗಳಿಗೆ ವಿದ್ಯುತ್ತನ್ನು ಮುಟ್ಟಿಸುತ್ತ ತಾನೇ ಸವೆದುಹೋಗುವ ತುಂಡು ಅದು. ಅತಿಯಾಗಿ ಸವೆದಾಗ ಕಿಡಿ ಹಾರುತ್ತದೆ, ಯಂತ್ರ ತಡೆತಡೆದು ಓಡಿ ಕಡೆಗೆ ನಿಲ್ಲುತ್ತದೆ. ಅದೇ ಅಳತೆಯದು ದೊರೆಯದಿದ್ದರೆ ಕೊಂಚ ದೊಡ್ಡದನ್ನು ಕೊಂಡು ಸಮತಟ್ಟಾದ ಪಾಲಿಶ್ ಪೇಪರಿನ ಮೇಲೆ ಉಜ್ಜಿ ಹೊಂದಿಸಬಹುದು. ಚಿಕ್ಕದನ್ನು ಮಾತ್ರ ಹಾಕಬಾರದು. ಬಿಗಿಯಾದರೆ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ಅಲುಗಾಡುತ್ತದೆ. ಕೆಲವು ಬ್ರಷ್ಷುಗಳ ಒಳಗೆ, ಸವೆತ ಮಿತಿಮೀರಿದೊಡನೆ ಯಂತ್ರವನ್ನು ನಿಲ್ಲಿಸುವ ಪುಟ್ಟ ಸ್ಪ್ರಿಂಗು ಇರುತ್ತದೆ. ಅದಿಲ್ಲದ ಸಾದಾ ಬ್ರಷ್ಷನ್ನು ಹಾಕಿದವರು ಆಗಾಗ್ಗೆ ತೆಗೆದು ನೋಡಲೇಬೇಕು, ಇಲ್ಲವಾದರೆ ತಾಮ್ರಕ್ಕೆ ಗೀರು ಬೀಳುತ್ತದೆ. ಆರ್ಮೇಚರಿನ ಸುರುಳಿಯೇ ಸುಟ್ಟಿದ್ದರೆ ಮರುಸುತ್ತುವ ಕುಶಲಿಗಳ ಬಳಿಗೆ ಹೋಗಬೇಕಾಗುತ್ತದೆ.

ನಿಜವಾದ ಕಷ್ಟವಿರುವುದು ಆ ಮಾದರಿಗಷ್ಟೇ ಸೇರಿದ ಬೆಲ್ಟು, ಗೇರುಗಳಲ್ಲಿ. ಇಲ್ಲಿ ಅಳತೆ ಸಾಲದು, ಕಂಪನಿಯ ಭಾಗಸಂಖ್ಯೆಯೇ ಬೇಕು. ಅದನ್ನು ತಿಳಿಯಲು ಯಂತ್ರದ ಮೈಮೇಲಿನ ಫಲಕದಲ್ಲಿ ಮಾದರಿಯ ಹೆಸರನ್ನು ಓದಬೇಕು. ಆ ಅಕ್ಷರಗಳೋ ಮಾಸಿರುತ್ತವೆ. ಓಲೆಗರಿಯ ತ್ರುಟಿತ ಪಾಠವನ್ನು ಓದುವವರಂತೆ ಓರೆಬೆಳಕಿನಲ್ಲಿ ಹಿಡಿದು, 3 ಇರಬಹುದೋ 8 ಇರಬಹುದೋ ಎಂದು ನಿರ್ಣಯಿಸಬೇಕಾಗುತ್ತದೆ. ಪಾಠ ತಪ್ಪಿದರೆ ಹಣವೂ ಹೋಯಿತು, ವಾರವೂ ಹೋಯಿತು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು. ಆಗ ಗುರುತಿಸಿದ ಕ್ಷೇತ್ರಗಳು ಕೃಷಿ ಉಪಕರಣ, ಮೊಬೈಲು, ಗೃಹಬಳಕೆಯ ವಸ್ತು ಹಾಗೂ ವಾಹನಗಳು. ಬಡಗಿಯ ತೋಪಡಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲವೆಂಬುದು ಖೇದದ ಸಂಗತಿ.

ಆ ತೋಪಡವನ್ನು ಬಿಚ್ಚಿದಾಗ ಕಂಡದ್ದು ಎರಡೇ ದೋಷ: ಬ್ರಷ್ಷು ಪೂರ್ಣ ಸವೆದಿತ್ತು, ಒಂದು ಬೇರಿಂಗು ಒಣಗಿ ಬಿಗಿದಿತ್ತು. ಎರಡೂ ಅದೇ ಅಂಗಡಿಯಲ್ಲಿಯೇ ದೊರೆತವು, ಚೌಕಟ್ಟುಗಳೂ ಮುಗಿದವು. ಬೆಲ್ಟಿನಲ್ಲಿ ಬಿರುಕು ಕಂಡಿದ್ದರಿಂದ ಬಡಗಿ ಸುಮ್ಮನಿರಲಿಲ್ಲ. ಗುಜರಿ ಅಂಗಡಿಗಳನ್ನು ಸುತ್ತಿ, ಮೋಟಾರು ಸುಟ್ಟ ಅದೇ ಮಾದರಿಯ ಇನ್ನೊಂದು ಯಂತ್ರವನ್ನು ತೂಕದ ಬೆಲೆಗೆ ತಂದರು. ಅದರ ಬೆಲ್ಟು ಗಟ್ಟಿಯಾಗಿತ್ತು. ಉಳಿದ ಭಾಗಗಳು ಈಗ ಅವರ ಕೆಲಸದ ಮನೆಯ ತೊಲೆಗೆ ಕಟ್ಟಿದ ಗೋಣಿಚೀಲದಲ್ಲಿವೆ.