ಆರು ಸೆಕೆಂಡಿನ ಕಾಳಗ

ಜನವರಿ 3, ಶುಕ್ರವಾರ. ಅಹಮದಾಬಾದ್, ಮಣಿನಗರ. ರಾತ್ರಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ನಿಯಮದ ಪುಸ್ತಕದಲ್ಲಿ ಒಂದು ಸುತ್ತು ಅಂದರೆ ಆರು ಸೆಕೆಂಡು. ನಾಲ್ಕು ಸುತ್ತಿನ ಕಾಳಗ ಆ ಲೋಕದಲ್ಲಿ ಇಪ್ಪತ್ತನಾಲ್ಕು ಸೆಕೆಂಡಿಗೆ ಮುಗಿದುಹೋಗುತ್ತದೆ. ನಮ್ಮ ಮೇಜಿನ ಮೇಲೆ ಅದಕ್ಕೆ ಒಂದು ಗಂಟೆ ಬೇಕು; ನಡುವೆ ಚಹಾ ಬಂದರೆ ಒಂದೂವರೆ. ಆ ಹೊತ್ತಿನಲ್ಲಿ ಐದು ಜನ ಏನು ಮಾಡುತ್ತಿರುತ್ತಾರೆ? ಇಪ್ಪತ್ತು ಮುಖದ ದಾಳ ಉರುಳಿಸುವುದು, ಕೂಡಿಸುವುದು, ರಾಕ್ಷಸನ ಹಿಟ್ ಪಾಯಿಂಟಿನಲ್ಲಿ ಕಳೆಯುವುದು. ಅಷ್ಟೇ ಆದರೆ ಅದು ಲೆಕ್ಕಪತ್ರ.

ಆಟ ನಡೆಸುವವಳು ನಾನು. ಹೊಸ ಕಥೆ ಶುರುಮಾಡಬೇಕು. ಕೋಟೆ ಇರುವ ಊರು, ಪಕ್ಕದಲ್ಲಿ ನದಿ. ಇಲ್ಲಿಯದೇ ಊರುಗಳನ್ನು ಹೆಸರು ಬದಲಿಸಿ ಇಡುವ ಯೋಚನೆ.

ಐದು ಜನರಿಗೆ ಐದು ಸರದಿ, ದೊಡ್ಡ ರಾಕ್ಷಸನಿಗೆ ಒಂದೇ. ಆಟದ 2014ರ ಆವೃತ್ತಿ ಇದಕ್ಕೆ ಮದ್ದು ಹುಡುಕಿತು: ಬೇರೆಯವರ ಸರದಿ ಮುಗಿದ ಕೂಡಲೇ ಅವನೂ ಒಂದು ಏಟು ಹಾಕಬಹುದು. ಲೆಕ್ಕ ಸರಿಹೋಯಿತು. ಆದರೆ ಕಾಳಗ ನೆನಪಿನಲ್ಲಿ ಉಳಿಯುವುದು ಆ ಲೆಕ್ಕದಿಂದಲ್ಲ. ಯಾವುದರಿಂದ ಅಂತ ಹೇಳಲೂ ಬರುತ್ತಿಲ್ಲ.

ಜನವರಿ 5, ಭಾನುವಾರ. ಅಡಾಲಜ್

ಗ್ರಾಫ್ ಹಾಳೆ ಹಿಡಿದುಕೊಂಡು ಮೆಟ್ಟಿಲುಬಾವಿಗೆ ಹೋದೆ. ಅಹಮದಾಬಾದಿನಿಂದ ಉತ್ತರಕ್ಕೆ ಹದಿನೆಂಟು ಕಿಲೋಮೀಟರು. ಕಟ್ಟಿ ಮುಗಿದದ್ದು 1499ರಲ್ಲಿ. ನೆಲದಿಂದ ಕೆಳಕ್ಕೆ ಐದು ಅಂತಸ್ತು. ಮೂರು ದಿಕ್ಕಿನಿಂದ ಮೆಟ್ಟಿಲು ಇಳಿದು ಮೊದಲ ಅಂತಸ್ತಿನ ಜಗಲಿಯಲ್ಲಿ ಕೂಡುತ್ತವೆ. ಅಲ್ಲಿಂದ ನೀರಿಗೆ ಒಂದೇ ದಾರಿ.

ನಕ್ಷೆ ಬಿಡಿಸುವುದಕ್ಕಿಂತ ಜನರನ್ನು ನೋಡಿದ್ದೇ ಹೆಚ್ಚು. ಒಬ್ಬ ಹುಡುಗ ಎರಡೆರಡು ಮೆಟ್ಟಿಲು ಹಾರಿ ಇಳಿದ. ಅವನ ಅಜ್ಜಿ ಒಂದೊಂದಕ್ಕೂ ಎರಡು ಪಾದ ಊರಿ, ಕಂಬ ಹಿಡಿದು ಇಳಿದರು. ಅಜ್ಜಿ ಕೂಗಿದರೆ ಹುಡುಗನಿಗೆ ಕೇಳುತ್ತದೆ, ಯಾವ ಕಡೆಯಿಂದ ಅಂತ ತಿಳಿಯುವುದಿಲ್ಲ. ತಪ್ಪು ದಿಕ್ಕಿಗೆ ಕತ್ತೆತ್ತುತ್ತಾನೆ. ಕೆಳಗಿನವರಿಗೆ ಮೇಲಿನವರು ಬೆಳಕಿಗೆ ಅಡ್ಡ ನಿಂತ ನೆರಳು ಮಾತ್ರ. ಮೇಲಿನವರಿಗೆ ಕೆಳಗಿನವರ ಮುಖ ಕಾಣುತ್ತದೆ, ಆದರೆ ತಲುಪಬೇಕಾದರೆ ಸುತ್ತಿ ಇಳಿಯಬೇಕು. ಕಾಣುತ್ತದೆ, ಸಿಗುವುದಿಲ್ಲ. ಇದಿಷ್ಟನ್ನೇ ಬರೆದುಕೊಂಡೆ.

ಐತಿಹ್ಯ: ವಾಘೇಲ ಅರಸ ಯುದ್ಧದಲ್ಲಿ ಸತ್ತ. ಗೆದ್ದ ಮಹಮೂದ್ ಬೇಗಡಾ ರಾಣಿ ರೂಡಾಬಾಯಿಯನ್ನು ಮದುವೆಯಾಗಲು ಬಯಸಿದ. ಗಂಡ ಶುರುಮಾಡಿದ ಬಾವಿ ಮೊದಲು ಮುಗಿಯಲಿ ಅಂದಳು. ಮುಗಿಯಿತು. ಪ್ರದಕ್ಷಿಣೆ ಬಂದು ಹಾರಿದಳು.

ಕಲ್ಲಿನ ಮೇಲೆ ಕಲ್ಲು ಏರಿದಷ್ಟೂ ಅವಳ ದಿನ ಕಡಿಮೆಯಾಗುತ್ತಿತ್ತು. ಗಡುವು ಇರುವ ಕಾಳಗ. ಒಂದು ಕತ್ತಿಯೂ ಇಲ್ಲ.

ಜನವರಿ 8, ಬುಧವಾರ. ಸೂರತ್

ಮಿಲ್ಲಿನ ಲೆಕ್ಕ ತಪಾಸಣೆ ಬೇಗ ಮುಗಿಯಿತು. ಸಂಜೆ ತಾಪಿ ದಂಡೆಯ ಕೋಟೆ. ಹದಿನಾರನೆಯ ಶತಮಾನದ ನಡುವಿನಲ್ಲಿ ಖುದಾವಂದ್ ಖಾನ್ ಕಟ್ಟಿಸಿದ್ದು. ಊರಿನ ಗಾತ್ರಕ್ಕೆ ಚಿಕ್ಕದು ಅನಿಸಿತು.

1664ರ ಜನವರಿ, ಇದೇ ವಾರ. ಶಿವಾಜಿ ಸೂರತ್ತಿಗೆ ಬಂದಾಗ ಮೊಗಲರ ಅಧಿಕಾರಿ ಇನಾಯತ್ ಖಾನ್ ಊರನ್ನು ಬಿಟ್ಟು ಈ ಗೋಡೆಯೊಳಗೆ ಸೇರಿಕೊಂಡ. ಇಂಗ್ಲಿಷರೂ ಡಚ್ಚರೂ ತಮ್ಮ ತಮ್ಮ ಕೋಠಿಗಳನ್ನು ತಾವೇ ಕಾಯ್ದುಕೊಂಡರು. ವೀರ್ಜಿ ವೋರಾನಂಥ ಭಾರಿ ವರ್ತಕನ ಮನೆ ಲೂಟಿಯಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಗಳಿಗೆ. ಇನಾಯತ್ ಖಾನ್ ಸಂಧಿಯ ಮಾತಿಗೆಂದು ಒಬ್ಬ ತರುಣನನ್ನು ಕಳಿಸುತ್ತಾನೆ. ಮಾತಿನ ನಡುವೆ ಅವನು ಕಠಾರಿ ಹಿರಿದು ಶಿವಾಜಿಯ ಮೇಲೆ ನುಗ್ಗುತ್ತಾನೆ. ಅಂಗರಕ್ಷಕ ಆ ಕೈಯನ್ನೇ ಕತ್ತರಿಸುತ್ತಾನೆ. ನುಗ್ಗಿದ ರಭಸಕ್ಕೆ ಇಬ್ಬರೂ ಉರುಳಿ ಬೀಳುತ್ತಾರೆ. ರಕ್ತ ಕಂಡ ಸೈನಿಕರು ಒಡೆಯ ಸತ್ತ ಎಂದು ತಿಳಿದು, ಕೈದಿಗಳನ್ನು ಕೊಲ್ಲಿ ಎಂದು ಕೂಗುತ್ತಾರೆ. ಶಿವಾಜಿ ಎದ್ದು ನಿಂತು ತಡೆಯುತ್ತಾರೆ.

ಎಷ್ಟು ಹೊತ್ತು ಹಿಡಿದಿರಬಹುದು? ಎರಡು ಸುತ್ತು. ಹೆಚ್ಚೆಂದರೆ ಮೂರು.

ಜನವರಿ 9, ಗುರುವಾರ. ರೈಲಿನಲ್ಲಿ

ಆಟದ 1981ರ ಬೇಸಿಕ್ ಆವೃತ್ತಿಯಲ್ಲಿ ಒಂದು ನಿಯಮವಿತ್ತು. ಪ್ರತಿ ಜೀವಿಗೂ ಎದೆಗಾರಿಕೆಯ ಒಂದು ಅಂಕಿ. ತಮ್ಮ ಕಡೆ ಮೊದಲ ಸಾವು ಆದಾಗ, ಅರ್ಧ ಮಂದಿ ಬಿದ್ದಾಗ, ಆಟ ನಡೆಸುವ ಡಂಜನ್ ಮಾಸ್ಟರ್ ಆರು ಮುಖದ ಎರಡು ದಾಳ ಹಾಕುತ್ತಾನೆ. ಮೊತ್ತ ಆ ಅಂಕಿಯನ್ನು ಮೀರಿದರೆ ಅವರು ಓಡುತ್ತಾರೆ, ಇಲ್ಲವೇ ಶರಣಾಗುತ್ತಾರೆ. ಈಗಿನ ನಿಯಮಗಳಲ್ಲಿ ಇದು ಮೂಲೆಗೆ ಸರಿದಿದೆ. ಹಾಗಾಗಿಯೇ ನಮ್ಮ ಮೇಜಿನಲ್ಲಿ ಕೊನೆಯ ಗಾಬ್ಲಿನ್ ಕೂಡ ಸಾಯುವವರೆಗೆ ನಿಲ್ಲುತ್ತದೆ. ಪ್ರಾಣದ ಆಸೆಯೇ ಇಲ್ಲದ ವೈರಿಯ ಜೊತೆ ಏನು ಮಾತಾಡುವುದು?

ನಾಡಿದ್ದಿನ ಆಟದಿಂದ ಆ ನಿಯಮ ವಾಪಸು.

ಜನವರಿ 11, ಶನಿವಾರ. ರಾತ್ರಿ 1 ಗಂಟೆ

ನಿದ್ದೆ ಬರುತ್ತಿಲ್ಲ. ಇವತ್ತಿನ ಆಟ ಚೆನ್ನಾಗಿತ್ತು.

ಸೂರತ್ತಿನ ಆ ಗಳಿಗೆಯನ್ನು ನದಿಯ ಕಡವಿನಲ್ಲಿ ಇಟ್ಟೆ. ನಾಯಕಿಯ ಡೇರೆ, ಸಂಧಿಗೆ ಬಂದ ದೂತ, ಹೊರಗೆ ಕಟ್ಟಿಹಾಕಿದ ಕೈದಿಗಳು. ಐವರೂ ನಾಯಕಿಯ ಕಾವಲಿಗೆ. ಕಠಾರಿ ಹೊರಬಂತು. ಹೋಟೆಲ್ ಭಟ್ಟರ ಮಗ ದಾಳ ಹಾಕಿದ, ಹತ್ತೊಂಬತ್ತು. ದೂತ ಬಿದ್ದ. ಎಲ್ಲರೂ ಮುಗಿಯಿತು ಎಂದು ಒರಗಿ ಕೂತರು. ಆಗ ಹೇಳಿದೆ: ಡೇರೆಯ ಬಟ್ಟೆಗೆ ರಕ್ತ ಹಾರಿದ್ದು ಹೊರಗಿನವರಿಗೆ ಕಂಡಿದೆ. ನಾಯಕಿ ಸತ್ತಳು ಅಂತ ಕೂಗು ಎದ್ದಿದೆ. ಮೊದಲ ಕೈದಿಯ ಕತ್ತಿನ ಮೇಲೆ ಕತ್ತಿ ಏರಿದೆ. ನಿಮಗಿರುವುದು ಆರು ಸೆಕೆಂಡು.

ಮೇಜಿನ ಸುತ್ತ ಎಲ್ಲರೂ ಎದ್ದು ನಿಂತರು. ಮಂತ್ರವಾದಿ ತನ್ನ ಬೆಂಕಿಯ ಮಂತ್ರ ಬಿಟ್ಟು ಬೆಳಕಿನ ಸಣ್ಣ ಮಂತ್ರ ಹಾಕಿದ, ಡೇರೆ ಒಳಗಿನಿಂದ ಬೆಳಗಿತು. ಖಾಡಿಯಾದ ಹುಡುಗಿ, ಅವಳು ಬಿಲ್ಲುಗಾರ್ತಿ, ಡೇರೆಯ ಹಗ್ಗ ಕಡಿದಳು. ಭಟ್ಟರ ಮಗ ನಾಯಕಿಯನ್ನು ಹೆಗಲ ಮೇಲೆ ಎತ್ತಿದ. ಎದೆಗಾರಿಕೆಯ ದಾಳ ಹಾಕಿದೆ. ಹೊರಗಿನವರು ಕತ್ತಿ ಇಳಿಸಿದರು. ಇಬ್ಬರು ಕೈದಿಗಳು ಅಷ್ಟರಲ್ಲಿ ಹೋಗಿದ್ದರು.

ಆ ಇಬ್ಬರ ಹೆಸರೇನು ಅಂತ ಕೇಳಿದರು. ಇದುವರೆಗೆ ಯಾರೂ ಕೇಳಿರಲಿಲ್ಲ.

ಜನವರಿ 12, ಭಾನುವಾರ

ಪುತ್ತೂರಿಂದ ಮಾವನ ಫೋನು. ತಾಳಮದ್ದಳೆಗೆ ಅರ್ಥ ಹೇಳಿ ಹೇಳಿ ಗಂಟಲು ಕೂತಿದೆ. ನಿನ್ನೆಯದನ್ನೆಲ್ಲ ಹೇಳಿದೆ. ವೇಷ ಇಲ್ಲ, ಕುಣಿತ ಇಲ್ಲ, ಸುತ್ತ ಕೂತು ಮಾತಿನಲ್ಲೇ ಯುದ್ಧ ಕಟ್ಟುವುದು ಅಂದರೆ ಅವರಿಗೆ ವಿವರಿಸುವ ಅಗತ್ಯವೇ ಬರಲಿಲ್ಲ. "ಹಾಗಾದರೆ ನೀನು ಭಾಗವತಿಕೆ ಮಾಡುವುದು" ಅಂದರು.

ಕೃಷ್ಣಾರ್ಜುನ ಕಾಳಗದ ಮಾತು ಬಂತು. ಗಯ ಗಂಧರ್ವನನ್ನು ಕೊಲ್ಲುತ್ತೇನೆ ಅಂತ ಕೃಷ್ಣನ ಪ್ರತಿಜ್ಞೆ. ಯಾರ ಭಯ ಅಂತ ಕೇಳದೆ ಅರ್ಜುನ ಅಭಯ ಕೊಟ್ಟಾಗಿದೆ. ಇಬ್ಬರಿಗೂ ಯುದ್ಧ ಬೇಡ, ಇಬ್ಬರಿಗೂ ಬಿಡುವಂತಿಲ್ಲ.

"ಅರ್ಜುನ ಗೆಲ್ಲುತ್ತಾನೋ ಇಲ್ಲವೋ ಅಂತ ನೋಡಲಿಕ್ಕೆ ಯಾರೂ ರಾತ್ರಿಯಿಡೀ ಕೂರುವುದಿಲ್ಲ ಮಗಳೇ. ಎದುರಿನವನ ಬಾಯಲ್ಲೂ ನ್ಯಾಯ ಇರಬೇಕು. ಇಲ್ಲದಿದ್ದರೆ ಮಾತು ಬೆಳೆಯುವುದಿಲ್ಲ."

ನನ್ನ ರಾಕ್ಷಸರ ಪಟ್ಟಿ ತೆಗೆದು ನೋಡಿದೆ. ಬಲ, ಚುರುಕು, ಕವಚ, ಏಟು. ಪಕ್ಕದಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆದೆ: ಬೇಕಾದದ್ದು ಏನು. ಅರ್ಧದಷ್ಟು ಖಾಲಿ.

ಜನವರಿ 14, ಮಂಗಳವಾರ. ಉತ್ತರಾಯಣ, ಖಾಡಿಯಾ

ನಮ್ಮ ಬಿಲ್ಲುಗಾರ್ತಿ ಹುಡುಗಿಯ ಮನೆಯ ಧಾಬಿನ, ಅಂದರೆ ತಾರಸಿಯ ಮೇಲೆ ಇಡೀ ದಿನ. ಊಂಧಿಯು, ಜಿಲೇಬಿ. ಎಲ್ಲ ಕಡೆಯಿಂದ ಪೀಪಿ.

ನನ್ನ ಕೈಗೆ ಫಿರ್ಕಿ, ದಾರದ ಉರುಳೆ, ಕೊಟ್ಟರು. ಒಬ್ಬರು ಗಾಳಿಪಟ ಆಡಿಸಿದರೆ ಇನ್ನೊಬ್ಬರು ಹಿಂದೆ ನಿಂತು ಫಿರ್ಕಿ ಹಿಡಿಯಬೇಕು. ಎದುರಿನ ದಾರ ಕೊಯ್ಯಲು ಎರಡು ದಾರಿ: ಢೀಲ್, ಸಡಿಲ ಬಿಡುತ್ತಾ ಹೋಗುವುದು; ಖೆಂಚ್, ಒಂದೇ ಉಸಿರಿಗೆ ಜಗ್ಗುವುದು. ಢೀಲ್ ಅಂದ ತಕ್ಷಣ ಫಿರ್ಕಿ ಬೆರಳ ತುದಿಯಲ್ಲಿ ನಿಲ್ಲಬೇಕು, ತಡೆಯಬಾರದು. ಹುಡುಗಿಯ ತೋರುಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಗಾಜು ಹಚ್ಚಿದ ದಾರ, ಮಾಂಜಾ, ಅದನ್ನೂ ಸೀಳಿ ಚರ್ಮ ತಲುಪಿತ್ತು. ಅವಳು ಎದುರಿನ ಪಟ ನೋಡುತ್ತಿರಲಿಲ್ಲ, ಮೂರು ಧಾಬಿನಾಚೆ ನಿಂತವನ ಮೊಣಕೈ ನೋಡುತ್ತಿದ್ದಳು. ಅವನು ಜಗ್ಗಲು ಮೊಣಕೈ ಎತ್ತಿದ. "ಢೀಲ್!" ನನ್ನ ಅಂಗೈಯಲ್ಲಿ ಫಿರ್ಕಿ ಗಿರ್ರೆಂದಿತು. ಅವನ ಪಟ ತೇಲಿಹೋಯಿತು. ಕಾಯ್ಪೋ ಛೇ, ಕತ್ತರಿಸಿದೆ!

ನನ್ನ ರಾಕ್ಷಸರಿಗೆ ಮೊಣಕೈ ಇಲ್ಲ. ದೊಡ್ಡ ಏಟು ಬೀಳುವ ಮೊದಲು ಒಂದು ಸುತ್ತು ಏನಾದರೂ ಕಾಣಬೇಕು: ಡ್ರ್ಯಾಗನ್ನಿನ ಕತ್ತು ಉಬ್ಬಬೇಕು, ಮಂತ್ರವಾದಿ ಉಂಗುರ ತೆಗೆಯಬೇಕು. ಬೀಳುವ ಮೊದಲೇ ತಿಳಿದ ಏಟಿಗೆ ಉತ್ತರ ಯೋಚಿಸಬಹುದು.

ಧಾಬಿಂದ ಧಾಬಿಗೆ ಕಾಲು ಚಾಚಿದರೆ ದಾಟಬಹುದು. ಇಲ್ಲಿಯೇ ಒಂದು ಕಾಳಗ ಬರೆಯಬೇಕು. ಕೆಳಗೆ ಪೋಳಿನ, ಅಂದರೆ ಬಾಗಿಲು ಹಾಕುವ ಹಳೆಯ ಓಣಿಯ, ದೊಡ್ಡ ಬಾಗಿಲು, ಒಳಗಿನಿಂದ ಪಕ್ಕದ ಪೋಳಿಗೆ ಗುಟ್ಟಿನ ದಾರಿ, ಮೇಲೆ ಧಾಬುಗಳ ಸಾಲು. ಗಾಯಗೊಳ್ಳುವ ಹಕ್ಕಿಗಳ ನೆನಪಾಗಿ ಮಾಂಜಾ ಮಾತ್ರ ಬಿಟ್ಟೆ.

ಜನವರಿ 15, ಬುಧವಾರ. ವಾಸಿ ಉತ್ತರಾಯಣ, ಹಬ್ಬದ ಮರುದಿನ

ನಿನ್ನೆ ರಾತ್ರಿಯೇ ಪೋಳಿನ ಕಾಳಗದ ಕರಡು ಮಾಡಿ ಇವತ್ತು ಹುಡುಗಿಗೆ ತೋರಿಸಿದೆ. ಬಾಗಿಲು ಮುರಿಯಲು ಬಂದವರು, ಒಳಗೆ ಐವರು. ಅವಳ ಅಜ್ಜಿ ಪಕ್ಕದಲ್ಲೇ ಇದ್ದರು. ನಾವೆಲ್ಲ ಅವರನ್ನು 'ಬಾ' ಅಂತ ಕರೆಯುತ್ತೇವೆ. ಏನದು ಎಂದು ಕೇಳಿದರು. ಹುಡುಗಿ ಹೇಳಿದಳು.

ಬಾ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ 1985ರ ಗಲಭೆಯ ಕರ್ಫ್ಯೂ ಬಗ್ಗೆ ಹೇಳಿದರು. ಬಾಗಿಲು ಹಾಕಿದ್ದು, ಗಂಡಸರು ಸರದಿಯಲ್ಲಿ ಕಾವಲು ಕೂತದ್ದು, ಹಾಲು ಧಾಬಿನ ಮೇಲಿಂದ ಮನೆಯಿಂದ ಮನೆಗೆ ದಾಟಿದ್ದು. 1969ರ ಗಲಭೆಯೂ ನೆನಪಿದೆ ಅಂದರು. 2002ರ ಮಾತು ಬಂದಾಗ ಎದ್ದು ಒಳಗೆ ಹೋದರು.

ಹುಡುಗಿ ಹಾಳೆ ವಾಪಸು ಕೊಟ್ಟಳು. "ದೀದಿ, ಬಾಗಿಲಾಚೆ ಯಾರಿದ್ದಾರೆ?"

ಹಾಳೆಯಲ್ಲಿ ಇದ್ದದ್ದು: ದಾಳಿಕೋರರು, 12.

ಜನವರಿ 16, ಗುರುವಾರ

1987ರ ನವೆಂಬರಿನ ಡ್ರಾಗನ್ ಪತ್ರಿಕೆಯಲ್ಲಿ ರೋಜರ್ ಮೂರ್ ಬರೆದ ಟಕ್ಕರ್‌ನ ಕೋಬಾಲ್ಡ್‌ಗಳ ಕಥೆ ಮತ್ತೆ ಓದಿದೆ. ಒಂದು ಏಟಿಗೆ ಸಾಯುವ ಪುಟ್ಟ ಜೀವಿಗಳು. ತಮ್ಮ ಸುರಂಗ ತಮಗೆ ಗೊತ್ತು, ಅಷ್ಟೇ. ಕಿಂಡಿಯಿಂದ ಬಾಣ, ದಾರಿಗೆ ಬೆಂಕಿ, ಹಿಂದಿನಿಂದ ಬಾಗಿಲು ಮುಚ್ಚುವುದು. ಮಹಾ ಮಹಾ ವೀರರು ದಿಕ್ಕೆಟ್ಟು ಓಡುತ್ತಾರೆ. ಚಿಕ್ಕ ವೈರಿಯನ್ನು ಭಯಂಕರ ಮಾಡುವುದು ಹೇಗೆ ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಇದು.

ಇವತ್ತು ಓದಿದಾಗ ಬೇರೆ ಕಂಡಿತು. ಕೋಬಾಲ್ಡ್‌ಗಳು ಮನೆಯಲ್ಲಿದ್ದವು. ನುಗ್ಗಿದ್ದು ವೀರರು.

ಜನವರಿ 18, ಶನಿವಾರ. ವಡೋದರಾ

ಆಟ ಇಲ್ಲ. ಅಣ್ಣನ ಮನೆ. ವಿಶ್ವಾಮಿತ್ರಿ ನದಿ ಇಲ್ಲಿಂದ ನಡೆದುಹೋಗುವಷ್ಟು ದೂರ. ಊರ ನಡುವೆ ಹರಿಯುವ ನದಿ, ಅದರ ತುಂಬ ಮೊಸಳೆ.

2024ರ ಆಗಸ್ಟ್ ಪ್ರವಾಹದಲ್ಲಿ ಅವು ಬೀದಿಗೆ ಬಂದವು. ಎದುರು ಮನೆಯ ಅಂಗಳದಲ್ಲೂ ಒಂದು ಇತ್ತಂತೆ. ಅತ್ತಿಗೆ ಕೈಯಲ್ಲೇ ಅಳತೆ ತೋರಿಸಿದರು. ಹಿಡಿಯಲು ಬಂದ ಹುಡುಗರು ಮೊದಲು ಒದ್ದೆ ಗೋಣಿಯನ್ನು ಕಣ್ಣಿನ ಮೇಲೆ ಎಸೆದರಂತೆ. ಕಣ್ಣು ಮುಚ್ಚಿದರೆ ತಣ್ಣಗಾಗುತ್ತದೆ. ಆಮೇಲೆ ಮೂತಿಗೆ ಹಗ್ಗ. ಮೊಸಳೆಯ ದವಡೆ ಮುಚ್ಚುವ ಬಲ ಭಯಂಕರ, ತೆರೆಯುವ ಬಲ ಅಷ್ಟಕ್ಕಷ್ಟೆ, ಹಗ್ಗ ಸಾಕು. "ಪಾಪ, ಅದಕ್ಕೂ ಗಾಬರಿ" ಅಂದರು ಅತ್ತಿಗೆ.

ಮೊಸಳೆಗೆ ಬೇಕಾದದ್ದು: ನದಿ. ಕಾಲಂ ತುಂಬಿತು. ಅದರ ಕಾಳಗ ಹೀಗೆ: ಮೊಣಕಾಲುದ್ದ ನೀರಿನ ಓಣಿ, ಜಾರುವ ನೆಲ, ಮಾಳಿಗೆಯ ಮೇಲೆ ಮಕ್ಕಳು. ಕೊಂದರೂ ಮುಗಿಯುತ್ತದೆ, ಆದರೆ ಗೋಣಿ, ಹಗ್ಗ, ಒಂದು ಹಲಗೆ ಕಣ್ಣಿಗೆ ಬೀಳುವ ಹಾಗೆ ಇಡುತ್ತೇನೆ. ಇದರ ಬಗ್ಗೆ ನನಗೆ ಒಂದಿಷ್ಟೂ ಅನುಮಾನವಿಲ್ಲ.

ಜನವರಿ 21, ಮಂಗಳವಾರ

ಪೋಳಿನ ಕಾಳಗ ಬಿಡಬೇಕೋ ಇಡಬೇಕೋ.

ಬಿಡಲು ಕಾರಣ ಬಾ ಎದ್ದುಹೋದ ರೀತಿ. ಇಡಲು ಕಾರಣ ಹುಡುಗಿ. ಬಿಡಬೇಡಿ ಅಂತ ಅವಳೇ ಫೋನು ಮಾಡಿದಳು. "ಆದರೆ ಹನ್ನೆರಡು ಅಂತ ಬರೀಬೇಡಿ. ಆಚೆ ಇರೋರು ಯಾರು ಅಂತ ನಾನು ಹೇಳ್ತೀನಿ."

ಸುರಂಗವೂ ಡ್ರ್ಯಾಗನ್ನೂ ದೂರದವು. ಅಲ್ಲಿ ಎಷ್ಟು ರಕ್ತ ಹರಿದರೂ ಯಾರ ಮನೆಯದೂ ಅಲ್ಲ. ಆ ದೂರವೇ ಈ ಆಟದ ಸುಖ ಅಂತ ಒಮ್ಮೊಮ್ಮೆ ಅನಿಸುತ್ತದೆ. ಅದನ್ನು ಕಿತ್ತುಕೊಳ್ಳಲು ನಾನು ಯಾರು? ಇನ್ನೊಮ್ಮೆ, ಅವಳೇ ಕೇಳುತ್ತಿದ್ದಾಳಲ್ಲ ಅನಿಸುತ್ತದೆ.

ಜನವರಿ 25, ಶನಿವಾರ. ತಡರಾತ್ರಿ

ಪೋಳಿನ ಕಾಳಗ ಆಡಿದೆವು. ಯಾರಿಗೆ ಬೇಡ ಅನಿಸಿದರೂ ಕೈ ಎತ್ತಿದರೆ ಸಾಕು, ನಿಲ್ಲಿಸುತ್ತೇನೆ ಅಂತ ಮೊದಲೇ ಹೇಳಿದ್ದೆ.

ಆಚೆಯವರನ್ನು ಹುಡುಗಿ ಒಬ್ಬೊಬ್ಬರಾಗಿ ಹೇಳಿದಳು. ದಿನಾ ಬೆಳಿಗ್ಗೆ ಈ ಬಾಗಿಲಲ್ಲೇ ರೊಟ್ಟಿ ಮಾರುತ್ತಿದ್ದವನು. ಅವನ ತಮ್ಮ, ಕೈಯಲ್ಲಿ ಪಂಜು. ಗಾಳಿಪಟ ಕಟ್ಟುವವಳು, ಮಗ ನಿನ್ನೆಯಿಂದ ಮನೆಗೆ ಬಂದಿಲ್ಲ. ಒಳಗಿದ್ದಾನೆ ಅಂತ ಯಾರೋ ಹೇಳಿದ್ದಾರೆ. ಮಿಕ್ಕವರ ಮುಖ ಕತ್ತಲಲ್ಲಿ ಕಾಣುವುದಿಲ್ಲ ಅಂದಳು.

ಧಾಬಿನ ಮೇಲಿಂದ ಬಾಣ ಹೂಡಲು ಮೂವರಿಗೆ ಅವಕಾಶವಿತ್ತು. ಯಾರೂ ಹೂಡಲಿಲ್ಲ. ಮಂತ್ರವಾದಿ ಓಣಿಗೆ ಮಂಜು ಕವಿಸಿದ. ಪೂಜಾರಿ ಗುಟ್ಟಿನ ದಾರಿಯಲ್ಲಿ ಮಗನನ್ನು ಹುಡುಕಿಹೋದ. ಮೂರನೇ ಸುತ್ತಿನವರೆಗೂ ಸಿಗಲಿಲ್ಲ. ಬಾಗಿಲಿನ ಹಲಗೆ ಎರಡು ಕಡೆ ಬಿರುಕು ಬಿಟ್ಟಿತು. ನಾಲ್ಕನೆಯ ಸುತ್ತಿನಲ್ಲಿ ಹುಡುಗಿ ಕೆಳಗಿಳಿದು, ದೊಡ್ಡ ಬಾಗಿಲಿನೊಳಗಿನ ದಿಡ್ಡಿ ತೆಗೆದು, ಆ ತಾಯಿಯೊಬ್ಬಳನ್ನೇ ಒಳಗೆ ಕರೆದಳು. ಭಟ್ಟರ ಮಗ ಬೇಡ ಅಂತ ಗದರಿದ. ಅವನದೂ ಸರಿ. ಒಳಗೆ ನಲವತ್ತು ಮನೆ.

ಹನ್ನೊಂದೂವರೆಗೆ ಅಲ್ಲಿಗೇ ನಿಲ್ಲಿಸಿದೆವು. ದಿಡ್ಡಿ ತೆರೆದಿದೆ, ರೊಟ್ಟಿಯವನ ತಮ್ಮ ಅದರಿಂದ ಎರಡು ಚೌಕ ದೂರ. ಅವನ ಎದೆಗಾರಿಕೆಯ ಅಂಕಿ ಎಂಟು ಅಂತ ಬರೆದಿದ್ದೆ. ಪಂಜು ಹಿಡಿದು ಬಂದವನ ತೀರ್ಮಾನವನ್ನು ದಾಳಕ್ಕೆ ಬಿಡುವುದೋ, ನಾನು ಮಾಡುವುದೋ, ಅವನ ಮಾತು ಆಡಲು ಹುಡುಗಿಗೇ ಕೊಡುವುದೋ. ಭಟ್ಟರ ಮಗ ಮನೆಗೆ ಹೋದಮೇಲೂ ಮೆಸೇಜ್ ಮಾಡಿದ್ದಾನೆ: ಅಕ್ಕಾ, ದಿಡ್ಡಿ ನಾನು ಹಾಕ್ತೇನೆ, ಮುಂದಿನ ವಾರ ಮೊದಲ ಸರದಿ ನನ್ನದು. ಉತ್ತರ ಬರೆದಿಲ್ಲ. ನಾಳೆ ಮಾವನಿಗೆ ಫೋನು ಮಾಡಬೇಕು.